ಮೂಲ: ನಮ್ಮಮ್ಮ

ವಿಡಿಯೋ ಗೇಮ್ ನೋಂದಣಿ ಕಚೇರಿಯಲ್ಲಿ ವಿನುತಾಳ ಅರ್ಜಿ ಮೂರನೇ ಸಲ ವಾಪಸು ಬಂತು. ಕಣ್ಣು ಕಾಣದ ತಾಯಿಯೊಬ್ಬಳು ಬೀದಿಯ ವಾಸನೆಗಳನ್ನೇ ಹಿಡಿದು ಮನೆ ಸೇರುವ ಆಟ ಅದು.

“ಮೂಲ ಅನ್ನೋ ಕಡೆ ‘ನಮ್ಮಮ್ಮ’ ಅಂತ ಬರೆದಿದ್ದೀರಲ್ಲ ಮೇಡಂ, ಅವರ ಮೇಲೆ ಸಿನಿಮಾ ಏನಾದ್ರೂ ಬಂದಿದೆಯಾ?” ಗುಮಾಸ್ತರು ಕೇಳಿದರು.

“ಇಲ್ಲ ಸರ್. ಆಟ ನಾನೇ ಯೋಚಿಸಿದ್ದು.”

“ಸ್ವಂತದ್ದಕ್ಕೆ ಪರವಾನಗಿ ಕೊಡೋ ಹಾಗಿಲ್ಲ, ಸಿನಿಮಾನೋ ಜಾಹೀರಾತೋ ಮೊದಲೇ ಬಂದಿರೋದರಿಂದ ತಗೊಂಡಿರಬೇಕು, ನಿಮಗೂ ಗೊತ್ತು.” ಅವರು ಕಂಪ್ಯೂಟರಿನಲ್ಲಿ ಹುಡುಕಿದರು. “ಹತ್ತಿರದ್ದು ಒಂದು ಊದುಬತ್ತಿ ಜಾಹೀರಾತಿದೆ. ಅದರಿಂದ ತಗೊಂಡಿದ್ದು ಅಂತ ಬರೀರಿ, ಕಂಪನಿಯವರು ಒಪ್ತಾರೆ. ಒಂದೇ ಷರತ್ತು, ತಾಯಿಗೆ ಕಣ್ಣು ಕಾಣಬೇಕು. ಪ್ಯಾಕೆಟ್ ಮೇಲಿನ ಹೆಸರು ಓದಬೇಕಲ್ಲ.”

ಅಮ್ಮ ಬದುಕಿದ್ದಾಗ ಯಾವ ಡಾಕ್ಟರಿಗೂ ಕೊಡಲಾಗದ ಕಣ್ಣನ್ನು ವಿನುತಾ ಒಂದು ಸಹಿಯಲ್ಲಿ ಕೊಟ್ಟಳು.