ಬಿಳಿ ಚೀಟಿ

"ಬೇಗ ಬರ್ಕೋ ಮಗಾ, ಇನ್ನು ನಾಲ್ಕೇ ಗಂಟೆ ಇರೋದು," ಎನ್ನುತ್ತಾ ಮುದುಕಿ ಸ್ಟನೋಯ್ಕಾ ಠಾಣೆಯ ಕಿಂಡಿಯೊಳಗೆ ಪಾಸ್‌ಪೋರ್ಟ್ ತೂರಿಸಿದಳು.

ಹೆಸರು ನೋಡಿ ಗುಮಾಸ್ತ ರಾಡಿಶಾ ಬೆಚ್ಚಿದ. ಅದು ಅವಳ ಗಂಡ ಝಿವಾನ್‌ನದು.

ಮನೆಗೆ ಪರದೇಶದವರು ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಠಾಣೆಯಲ್ಲಿ ಬರೆಸಿ ಬಿಳಿ ಚೀಟಿ ಪಡೆಯಬೇಕು. ಝಿವಾನ್ ವಿಯೆನ್ನಾದಲ್ಲಿ ಗಾರೆ ಕೆಲಸ ಮಾಡುತ್ತಾ, ಅಲ್ಲಿನ ಪ್ರಜೆಯಾಗಲೆಂದು ಸೆರ್ಬಿಯಾದ ಪೌರತ್ವ ಬಿಟ್ಟುಕೊಟ್ಟವನು. ಕಾನೂನಿನ ಕಣ್ಣಿಗೆ ಮನೆಯ ಯಜಮಾನನೂ ಒಂದೇ, ದಾರಿಹೋಕನೂ ಒಂದೇ. ಆರು ವರ್ಷದ ಹಿಂದೆ ಅವನು ಊರಿಗೆ ಬಂದಾಗ ಸ್ಟನೋಯ್ಕಾ ಬರೆಸುವುದನ್ನು ಮರೆತಿದ್ದಳು; ಆಗ ಬಾಗಿಲು ತಟ್ಟಿ ನೋಟಿಸು ಕೊಟ್ಟವನು ಇದೇ ರಾಡಿಶಾ.

"ನಾನು ಕಟ್ಟಿದ ಮನೇಲಿ ನಾನೇ ಪರದೇಶಿಯೇನೋ?" ಎಂದಿದ್ದ ಝಿವಾನ್. ಮರುದಿನ ಬಸ್ಸು ಹತ್ತಿದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಆ ಮಾತು ಮಾತ್ರ ರಾಡಿಶಾನ ಬೆನ್ನು ಬಿಡಲಿಲ್ಲ. ಯಾರ ಮನೆಯ ಬಾಗಿಲು ತಟ್ಟಿದರೂ ಒಳಗಿನಿಂದ ಅದೇ ದನಿ ಕೇಳಿಸುತ್ತಿತ್ತು.

"ಅಂತೂ ಬಂದ್ರಾ ಅತ್ತೆ?"

"ನಿನ್ನೆ ಸಂಜೆ. ಬಸ್ಸಿನವನು ಪೆಟ್ಟಿಗೆ ಇಳಿಸಿ ಹೋದ. ಹಿಂದೇನೇ ಇವರೂ ಬಂದ್ರು."

ರಾಡಿಶಾನ ಎದೆ ಹಗುರಾಯಿತು. ರದ್ದಾದ ಪಾಸ್‌ಪೋರ್ಟುಗಳಿಗೆ ಮಾಡುವಂತೆ ಅದರ ಒಂದು ಮೂಲೆ ಕತ್ತರಿಸಲಾಗಿತ್ತು. ಹೊಸದರ ಬದಲು ಮುದುಕಿ ಹಳೆಯದನ್ನು ತಂದಿರಬೇಕು. ಇವತ್ತು ತಕರಾರು ತೆಗೆಯುವ ಮನಸ್ಸು ಅವನಿಗಿರಲಿಲ್ಲ. ಅಂದಿನ ಪಾಪ ಕಳೆದರೆ ಸಾಕಿತ್ತು.

"ಮಾವನ ಸಿಟ್ಟು ಇಳಿದಿದೆಯಾ?"

"ಮಾತೇ ಇಲ್ಲ ಕಣೋ. ಸೂಪು ಬಡಿಸಿದೆ, ಮುಟ್ಟಲಿಲ್ಲ. ಕಿಟಕಿ ಹತ್ರ ಸುಮ್ನೆ ಕೂತಿದ್ದಾರೆ."

"ಮೊದಲಿಂದಲೂ ಹಟಮಾರಿ ಅಲ್ವಾ?"

"ನೀನು ಮತ್ತೆ ಬಂದು ಬಾಗಿಲು ತಟ್ಟಬೇಡಪ್ಪ. ಈ ಸಲ ಹೋದ್ರೆ ಅವರು ಬರೋದಿಲ್ಲ." ಅವಳ ಕಣ್ಣು ತುಂಬಿತು. ಕಪ್ಪು ತಲೆವಸ್ತ್ರದ ಅಂಚಿನಿಂದ ಒರೆಸಿಕೊಂಡಳು. ಆ ಊರಿನ ಮುದುಕಿಯರೆಲ್ಲ ಕಪ್ಪನ್ನೇ ತೊಡುವವರು.

"ಆಣೆ ಅತ್ತೆ, ತಟ್ಟಲ್ಲ." ಠಪ್ಪೆಂದು ಮೊಹರು ಬಿತ್ತು. "ಎಷ್ಟು ದಿನ? ತೊಂಬತ್ತರವರೆಗೂ ಇರಬಹುದು. ಅಷ್ಟೂ ಹಾಕ್ಲಾ?"

"ಮೂವತ್ತೊಂದು ಹಾಕು."

"ಅದೇನು ಲೆಕ್ಕ? ಅಪರೂಪಕ್ಕೆ ಬಂದಿದ್ದಾರೆ, ಮೂರು ತಿಂಗಳು ಇರಲಿ ಬಿಡಿ."

"ನಿಯಮ ಮೀರೋಕಾಗುತ್ತಾ?" ಸ್ಟನೋಯ್ಕಾ ಕಿಂಡಿಗೆ ಬಾಗಿ ದನಿ ತಗ್ಗಿಸಿದಳು. "ಒಂಬತ್ತು ದಿನ ಆಗಲೇ ವಿಯೆನ್ನಾದಲ್ಲೇ ಕಳೆದುಹೋಯ್ತು.

"ಸತ್ತವರು ಮನೇಲಿರೋದು ನಲವತ್ತೇ ದಿನ ಅಲ್ವಾ, ಮಗಾ?"