ಅಕ್ಕನ ದೊಡ್ಡ ಬೂಟು

ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಗೋವಾದ ಫೋಂಡಾದಲ್ಲಿದ್ದ ನಮ್ಮ ತಗಡಿನ ಪತ್ರಾಸಿನ ಖೋಲಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಮುಂದೆ ಫುಟ್‌ಬಾಲ್ ಆಡಿಯೇ ಸಂಬಳ ತಂದ ನನ್ನ ಅಕ್ಕ ಅಂದು ಒಂದು ತಂಡದ ಆಯ್ಕೆಗೆಂದು ಫಾತೋರ್ಡಾ ಮೈದಾನಕ್ಕೆ ಹೊರಟಿದ್ದಳು. ಸ್ಟ್ರೈಕರ್ ಆದವಳು, ದಸರೆಗೆ ಅವ್ವ ಹೊಸ ಬೂಟು ಕೊಡಿಸಿದ ಮೇಲೆ ಒಂದೂ ಗೋಲು ಹೊಡೆದಿರಲಿಲ್ಲ. ಮಂದಿಯ ದೃಷ್ಟಿ, ನಮ್ಮ ಮಾತಿನಲ್ಲಿ ನೆದರು, ತಾಗಿದೆ ಎಂದು ಅವ್ವನ ಹಟ. ಬಿಲ್ಡಿಂಗ್ ಕೆಲಸದಿಂದ ಊಟಕ್ಕೆ ಬಂದವಳು ಕೈಗಂಟಿದ ಸಿಮೆಂಟನ್ನೂ ತೊಳೆಯದೆ, ಉಪ್ಪು ಮೆಣಸಿನಕಾಯಿ ಹಿಡಿದು ಅಕ್ಕನನ್ನು ಬಾಗಿಲಲ್ಲೇ ನಿಲ್ಲಿಸಿದಳು.

“ಅವ್ವಾ, ಬಸ್ ಹೋಗ್ತೈತಿ!”

“ಹೋಗಲಿ. ಸುಮ್ನ ನಿಂದರು.”

ನಿವಾಳಿಸಿದ್ದನ್ನು ಒಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಘಾಟೇ ಬರುವುದಿಲ್ಲ ಎಂಬುದು ಅವ್ವನದೇ ಮಾತು. ಮರುಕ್ಷಣ ಮೂವರೂ ಕೆಮ್ಮುತ್ತ ಹೊರಗೆ ಓಡಿದೆವು.

“ನೋಡು, ಘಾಟು ಬಂತು!” ಅಕ್ಕ ಕಣ್ಣೊರೆಸಿಕೊಳ್ಳುತ್ತ ಸಿಡುಕಿದಳು. “ನೆದರೂ ಇಲ್ಲ, ಏನೂ ಇಲ್ಲ. ಬೂಟು ದೊಡ್ಡವು! ಒದ್ದರ ಕಾಲು ಒಳಗ ಜಾರತೈತಿ. ಎಷ್ಟ ಸಲ ಹೇಳ್ಲಿ?”

“ಬೆಳಿಯೋ ಕಾಲಂತ ದೊಡ್ಡವ ತಂದೇನಿ.”

“ನಂಗ ಹತ್ತೊಂಬತ್ತು ಅವ್ವಾ! ಇನ್ನೆಲ್ಲಿ ಬೆಳಿತೈತಿ ಕಾಲು?”

ಅವ್ವ ಅವಳ ಕಾಲನ್ನೊಮ್ಮೆ ನೋಡಿ, ಕೈಯಲ್ಲಿದ್ದ ಬೂಟುಗಳನ್ನು ಸೆಳೆದುಕೊಂಡಳು. ಆಮೇಲೆ ಕಾಂಕ್ರೀಟ್ ಬುಟ್ಟಿ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯನ್ನು ಬಿಚ್ಚಿ, ಪರ್ರೆಂದು ಎರಡಾಗಿ ಹರಿದು, ಎರಡೂ ಬೂಟುಗಳ ತುದಿಗೆ ತುರುಕಿದಳು. ಅಕ್ಕ ಬೂಟು ಕಸಿದುಕೊಂಡು ಬಸ್ಸಿಗೆ ಓಡಿದಳು.

ಓಣಿಗೆಲ್ಲ ಕೇಳುವಂತೆ ಅವ್ವ ಹಿಂದಿನಿಂದ ಕೂಗಿದಳು: “ಸಂಜಿಕ ನನ್ನ ಸಿಂಬಿ ತಿರುಗಿ ತಾ! ನಾಳಿ ಸ್ಲ್ಯಾಬ್ ಹಾಕೋದೈತಿ!”