ಪೈಪಿನೊಳಗಿನ ಹಿತ್ತಾಳೆ ಬಿಲ್ಲೆ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಮದೀನತ್ ಜಾಯೆದ್‌ನಿಂದ ಅಬುಧಾಬಿಗೆ ಹೋಗುವ ಹೆದ್ದಾರಿಯಲ್ಲಿ, ಅಪ್ಪ ಆಗಷ್ಟೇ ಕೊಂಡಿದ್ದ ಹಳೆಯ ಕಾರಿನ ಬಾನೆಟ್ಟಿನಿಂದ ಹಬೆ ಎದ್ದಿತು. ಎಂಜಿನ್ ತಂಪಾಗಿಡುವ ಕೂಲೆಂಟ್ ಕಾದಾಗಿನ ಸಿಹಿ ವಾಸನೆ ಬಂದರೆ ಈಗಲೂ ನನ್ನ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಅಪ್ಪ ಬಾನೆಟ್ ಎತ್ತಿ ಬಗ್ಗಿದರು. ಅಮ್ಮ ಅವರ ಅಂಗಿ ಹಿಡಿದು ಎಳೆದದ್ದೇ ತಡ, ನೀರಿನ ಪೈಪು ಸಿಡಿದು, ಅವರ ಮುಖವಿದ್ದ ಜಾಗಕ್ಕೆ ಕುದಿನೀರು ಚಿಮ್ಮಿತು.

"ಈ ಗಾಡಿ ಖಲಾಸ್. ಮಾರಿಬಿಡುವ" ಎಂದರು ಅಪ್ಪ.

"ಯಾರಿಗೆ ಮಾರುದು ಮಾರಾಯ್ರೆ? ತಕೊಂಡವರಿಗೆ ಮಕ್ಕಳಿಲ್ವಾ? ಎಂತ ಆಗಿದೆ ಅಂತ ಗೊತ್ತಾಗದೆ ನಾನು ಬಿಡುದಿಲ್ಲ" ಎಂದರು ಅಮ್ಮ.

ಗಾಡಿಯನ್ನು ಎಳೆಸಿ ಮನೆಗೆ ತಂದೆವು. ರಜೆಯ ದಿನ ಅಮ್ಮ ಅದರ ನೀರಿನ ಪೈಪುಗಳನ್ನು ಒಂದೊಂದಾಗಿ ಬಿಚ್ಚಿದರು. ಒಂದರೊಳಗೆ, ಅಂಚು ಅರದಿಂದ ಉಜ್ಜಿದ ಹಿತ್ತಾಳೆಯ ಬಿಲ್ಲೆ ನೀರಿಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು.

"ಇದು ಈ ಗಾಡಿಯದ್ದೇ ಅಲ್ಲ" ಎಂದರು, ಅಮ್ಮ ಅದನ್ನು ಒಯ್ದು ತೋರಿಸಿದಾಗ, ಗ್ಯಾರೇಜಿನವರು. ಯಾರು, ಏಕೆ ಇಟ್ಟರೋ ಅವರಿಗೂ ತಿಳಿಯಲಿಲ್ಲ.

ಬಿಲ್ಲೆ ಊಟದ ಮೇಜಿನ ಮೇಲೇ ಉಳಿಯಿತು. ಅಪ್ಪ ರಾತ್ರಿಗಳಲ್ಲಿ ಬೆಚ್ಚಿ ಎದ್ದು ಮುಖ ಮುಟ್ಟಿಕೊಳ್ಳುತ್ತಿದ್ದರು. ಹೊಸ ಪೈಪು ಹಾಕಿಸಿದ ಅಮ್ಮ, ನಮ್ಮನ್ನು ಮನೆಯಲ್ಲೇ ಬಿಟ್ಟು, ಅದೇ ರಸ್ತೆಯಲ್ಲಿ ಅಬುಧಾಬಿಗೆ ಒಬ್ಬರೇ ಹೋಗಿಬಂದರು.

"ಎಂಜಿನ್ ಬಿಸಿ ತೋರಿಸುವ ಮುಳ್ಳು ಒಂಚೂರೂ ಏರ್ಲಿಲ್ಲ" ಎಂದು ಬಿಲ್ಲೆಯನ್ನು ಕಸದ ಡಬ್ಬಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಅಪ್ಪನನ್ನು ಅಲಾರಮ್ಮೇ ಎಬ್ಬಿಸಬೇಕಾಯಿತು.